ಟಿಶ್ಯೂ ಡಬ್ಬಕ್ಕೆ ಐದು ಅಂಕ

ಕ್ಯಾಲಿಫೋರ್ನಿಯಾದ ಸರ್ಕಾರಿ ಹೈಸ್ಕೂಲೊಂದರಲ್ಲಿ ನಾನು ಗಣಿತದ ಮೇಷ್ಟ್ರು. ಹಾಸನದ ಕಡೆಯವನು. ಊರಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ಪತ್ರಿಕೆ ತಿದ್ದುತ್ತಿದ್ದವರು ಎಲ್ಲೋ ಮೌಲ್ಯಮಾಪನ ಕೇಂದ್ರದಲ್ಲಿ ಕೂತ, ನಮ್ಮ ಮುಖ ಕಾಣದ ಮೇಷ್ಟ್ರುಗಳು. ಇಲ್ಲಿ ಅಂಥ ಬೋರ್ಡ್ ಪರೀಕ್ಷೆಯೇ ಇಲ್ಲ. ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ಪಾಠ ಹೇಳಿದವರೇ ಪ್ರತಿ ಸೆಮಿಸ್ಟರಿಗೆ ಗ್ರೇಡ್ ಹಾಕುತ್ತಾರೆ. ರಾಜ್ಯದ ಶಿಕ್ಷಣ ಸಂಹಿತೆಯ 49066ನೇ ಸೆಕ್ಷನ್ ಪ್ರಕಾರ ಲೆಕ್ಕದ ತಪ್ಪು, ಮೋಸ, ದುರುದ್ದೇಶ, ಅಸಾಮರ್ಥ್ಯ ಇವುಗಳಲ್ಲಿ ಒಂದೂ ಇಲ್ಲದಿದ್ದರೆ ಆ ಗ್ರೇಡೇ ಅಂತಿಮ. ಇಷ್ಟು ಅಧಿಕಾರ ಕೈಯಲ್ಲಿದ್ದರೆ ಏನಾಗುತ್ತದೆ? ಒಂದೊಂದು ಕೋಣೆಗೆ ಒಂದೊಂದು ಕಾನೂನು.

ಪಕ್ಕದ ಕೋಣೆಯ ಕಾನೂನು ಹೀಗಿತ್ತು: ಮೂಗು ಒರೆಸುವ ಟಿಶ್ಯೂ ಡಬ್ಬ ತಂದುಕೊಟ್ಟರೆ ಐದು ಅಂಕ. ನಗಬೇಡಿ, ಅಮೆರಿಕದ ಶಾಲೆಗಳಲ್ಲಿ ಇದು ಹಳೆಯ ಪದ್ಧತಿ. ತರಗತಿಯ ಸಣ್ಣಪುಟ್ಟ ಸಾಮಾನಿಗೆ ಸಿಗುವ ಹಣ ಸಾಲದು, ಮೇಷ್ಟ್ರುಗಳು ಸ್ವಂತ ಜೇಬಿನಿಂದ ತರುತ್ತಾರೆ, ಕೊನೆಗೆ ಮಕ್ಕಳ ಮನೆಯಿಂದ ತರಿಸಿ ಅಂಕದಲ್ಲಿ ತೀರಿಸುತ್ತಾರೆ. ಇದಕ್ಕೆ ಹೆಸರು ಎಕ್ಸ್‌ಟ್ರಾ ಕ್ರೆಡಿಟ್. ಶಾಲೆಯ ನಾಟಕ ನೋಡಿ ಟಿಕೆಟ್ ತೋರಿಸಿದರೂ, ದಾನಕ್ಕೆ ಆಹಾರದ ಡಬ್ಬಿ ತಂದರೂ ಅಂಕ ಬರುವುದುಂಟು. ಸ್ವಲ್ಪ ಮರ್ಯಾದಸ್ಥ ರೂಪವೆಂದರೆ ಹೆಚ್ಚುವರಿ ಪ್ರಾಜೆಕ್ಟು.

ಪೋಷಕರ ಸಭೆಯಲ್ಲಿ ನನ್ನ ಎದುರು ಕೂರುವವರಲ್ಲಿ ಕನ್ನಡದವರೂ ಇರುತ್ತಾರೆ. ನನ್ನ ಹೆಸರು ನೋಡಿದೊಡನೆ ಇಂಗ್ಲಿಷ್ ಬಿಟ್ಟುಬಿಡುತ್ತಾರೆ. "ಸರ್, ಅವಳದ್ದು 89.4 ಇದೆ. ಏನಾದ್ರೂ ಬರೆಸಿ ಸರ್, ಮಾಡ್ತಾಳೆ." ತೊಂಬತ್ತಕ್ಕೆ ಎ, ಅದಕ್ಕಿಂತ ಕಡಿಮೆ ಬಿ. ಎ ಎಂದರೆ ಜಿಪಿಎ ಎಂಬ ಗ್ರೇಡ್ ಸರಾಸರಿಯ ಲೆಕ್ಕದಲ್ಲಿ 4, ಬಿ ಎಂದರೆ 3. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ 2020ರಲ್ಲಿ ಪ್ರವೇಶಕ್ಕೆ ಎಸ್‌ಎಟಿ ಪರೀಕ್ಷೆಯನ್ನು ಕೈಬಿಡುವ ತೀರ್ಮಾನ ಮಾಡಿದ ಮೇಲೆ ಈ ಅಕ್ಷರಗಳ ತೂಕ ಇನ್ನೂ ಏರಿದೆ. ತಾಯಿಯ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ನಾನು ಕೊಡುವುದಿಲ್ಲ.

ಯಾಕೆ ಎಂದು ಗಣಿತದ ಮೇಷ್ಟ್ರ ಹಾಗೆಯೇ ಹೇಳುತ್ತೇನೆ. ಸೆಮಿಸ್ಟರಿಗೆ ಒಟ್ಟು 500 ಅಂಕ ಎನ್ನಿ. 435 ಪಡೆದವಳದ್ದು ಶೇ 87. ಇಪ್ಪತ್ತು ಅಂಕದ ಪ್ರಾಜೆಕ್ಟು ಮಾಡಿದರೆ 455, ಅಂದರೆ ಶೇ 91. ಬಿ ಇದ್ದದ್ದು ಎ ಆಯಿತು. ಅದೇ ತರಗತಿಯಲ್ಲಿ 240 ಪಡೆದ ಹುಡುಗನದ್ದು ಶೇ 48. ಅವನೂ ಅದೇ ಪ್ರಾಜೆಕ್ಟು ಮಾಡಿದ, 260 ಆಯಿತು, ಶೇ 52. ಅರವತ್ತರ ಕೆಳಗೆ ಎಲ್ಲವೂ ಎಫ್, ಹಾಗಾಗಿ ಅವನು ಇದ್ದಲ್ಲೇ ಇದ್ದ. ಬಡವರಿಗೆ, ಹಿಂದುಳಿದವರಿಗೆ ಒಂದು ಆಸರೆ ಎಂದು ಸಮರ್ಥಿಸುವ ಈ ಹೆಚ್ಚುವರಿ ಅಂಕದಿಂದ ಲಾಭ ಪಡೆಯುವವರು ಗಡಿಯ ಮೇಲೆ ನಿಂತ ಜಾಣ ಮಕ್ಕಳು. ಅದನ್ನು ಕೇಳಿ ಪಡೆಯುವವರೂ ಅವರೇ. ಸಂಜೆ ಬರ್ಗರ್ ಅಂಗಡಿಯಲ್ಲಿ ಕೆಲಸಕ್ಕೆ ಹೋಗುವ ಹುಡುಗನ ಅಪ್ಪ ನನಗೆ ಇಮೇಲ್ ಬರೆದದ್ದೇ ಇಲ್ಲ.

ಓಕ್ಲೆಂಡಿನ ಜೋ ಫೆಲ್ಡ್‌ಮನ್ 2018ರಲ್ಲಿ 'ಗ್ರೇಡಿಂಗ್ ಫಾರ್ ಈಕ್ವಿಟಿ' ಎಂಬ ಪುಸ್ತಕ ಬರೆದರು. ಎಕ್ಸ್‌ಟ್ರಾ ಕ್ರೆಡಿಟ್ ಬೇಡ, ಹೋಂವರ್ಕಿಗೆ ಅಂಕ ಬೇಡ, ಸೊನ್ನೆ ಹಾಕಬೇಡಿ ಎಂಬುದು ಅವರ ವಾದ. ಸೊನ್ನೆಯ ಮಾತು ಮೊದಲು ನನಗೆ ಅತಿಯೆನಿಸಿತ್ತು. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ: ನಾಲ್ಕು ಟೆಸ್ಟಿನಲ್ಲಿ ತೊಂಬತ್ತು, ಐದನೆಯದಕ್ಕೆ ಬರಲಿಲ್ಲ, ಸೊನ್ನೆ. ಸರಾಸರಿ 72, ಸಿ ಗ್ರೇಡು. ತೊಂಬತ್ತರ ಹುಡುಗಿಗೆ ಸಿ! ಈ ಅಕ್ಷರ ಅವಳ ಗಣಿತದ ಬಗ್ಗೆ ಹೇಳುತ್ತಿದೆಯೋ, ಅವಳ ಜ್ವರದ ಬಗ್ಗೆಯೋ? ಇಂಥ ವಾದಗಳ ಮೇಲೆ ಪೋಷಕರ ಕೋಪವೂ ದೊಡ್ಡದು. ಸ್ಯಾನ್ ಫ್ರಾನ್ಸಿಸ್ಕೊ ಶಾಲಾ ಆಡಳಿತ 2025ರ ಮೇ ತಿಂಗಳಲ್ಲಿ ಇಂಥದ್ದೊಂದು ಯೋಜನೆಯನ್ನು ಮುಂದಿಟ್ಟು, ವಿರೋಧ ಎದ್ದ ಬೆನ್ನಲ್ಲೇ ಹಿಂದಕ್ಕೆ ತೆಗೆದುಕೊಂಡಿತು.

ಇನ್ನು ಅಂಕಕ್ಕೆ ಹಾಕುವ ಮಿತಿಯ ವಿಷಯ. ಟೆಸ್ಟಿನಲ್ಲಿ ಫೇಲಾದವರಿಗೆ ಮರುಪರೀಕ್ಷೆ ಕೊಡುವ ಶಾಲೆಗಳು ಎಷ್ಟೋ. ಅದರ ಜೊತೆಗೆ ಒಂದು ಷರತ್ತು ಅಂಟಿಸುವವರೂ ಎಷ್ಟೋ: ಎರಡನೇ ಸಲ ಎಷ್ಟೇ ಬಂದರೂ ಅಂಕದ ಪುಸ್ತಕದಲ್ಲಿ ಬರೆಯುವುದು ಎಂಬತ್ತರವರೆಗೆ ಮಾತ್ರ. ಕೆಲವೆಡೆ ಎಪ್ಪತ್ತು. ವರ್ಗಸಮೀಕರಣದ ಟೆಸ್ಟಿನಲ್ಲಿ ನನ್ನ ಹುಡುಗನೊಬ್ಬ 45 ತೆಗೆದ. ತಿದ್ದಿದ ಪತ್ರಿಕೆ ಹಿಡಿದು ಕೂತು, ಪೂರ್ಣವರ್ಗ ಮಾಡುವ ವಿಧಾನವನ್ನು ಕೇಳಿ ಕೇಳಿ ಕಲಿತ. ಹೊಸ ಪ್ರಶ್ನೆಗಳ ಮರುಪರೀಕ್ಷೆಯಲ್ಲಿ 96. ಮಿತಿ ಹಾಕಿದ್ದರೆ ಅವನದು 80 ಆಗುತ್ತಿತ್ತು. ಮೊದಲ ಸಲವೇ 82 ತೆಗೆದು ಅಲ್ಲಿಗೇ ನಿಂತ ಹುಡುಗಿ ಅವನಿಗಿಂತ ಹೆಚ್ಚು ತಿಳಿದವಳು ಎಂದು ನನ್ನ ಪುಸ್ತಕ ಹೇಳುತ್ತಿತ್ತು. ಅದು ಸುಳ್ಳು. ಅವನು ಮಾಡಿದ ತಪ್ಪೇನು, ಎರಡು ವಾರ ತಡವಾಗಿ ಕಲಿತದ್ದೇ?

"ಹಾಗಾದರೆ ಮೊದಲ ಸಲವೇ ಕಷ್ಟಪಟ್ಟು ಓದಿದವರು ಪೆದ್ದರೇ?" ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದ್ದಾರೆ. ಪ್ರಶ್ನೆ ಹಗುರವಲ್ಲ. ಎರಡನೇ ಅವಕಾಶ ಇದೆ ಎಂದು ಗೊತ್ತಾದರೆ ಮೊದಲನೆಯದನ್ನು ಸುಮ್ಮನೆ ಬರೆಯುವ ಮಕ್ಕಳಿದ್ದಾರೆ. ಅದಕ್ಕೇ ನನ್ನಲ್ಲಿ ಹಳೆಯ ಪತ್ರಿಕೆಯ ತಪ್ಪುಗಳನ್ನೆಲ್ಲ ತಿದ್ದಿ, ಯಾಕೆ ತಪ್ಪಾಯಿತೆಂದು ಬರೆದು ತೋರಿಸಿದ ಮೇಲಷ್ಟೇ ಮರುಪರೀಕ್ಷೆ. ಸೋಮಾರಿಗಳು ಅಷ್ಟಕ್ಕೆ ಕೈ ಹಾಕುವುದಿಲ್ಲ.

ಮರುಪರೀಕ್ಷೆಯ ವಿಷಯದಲ್ಲಿ ನಮ್ಮೂರಿನ ಬೋರ್ಡೇ ಒಂದು ಹೆಜ್ಜೆ ಮುಂದಿದೆ ಎಂದರೆ ಇಲ್ಲಿನವರು ನಂಬುವುದಿಲ್ಲ. 2024ರಲ್ಲಿ ಅದು ಎಸ್ಸೆಸ್ಸೆಲ್ಸಿಗೆ ಪರೀಕ್ಷೆ-1, 2, 3 ಎಂದು ಮೂರು ಅವಕಾಶ ಕೊಟ್ಟಿತು. ಯಾವುದರಲ್ಲಿ ಹೆಚ್ಚು ಬಂತೋ ಅದನ್ನೇ ಉಳಿಸಿಕೊಳ್ಳಬಹುದಿತ್ತು. ಎರಡನೆಯದಕ್ಕೆ ಎಂಬತ್ತರ ಬೇಲಿ ಇರಲಿಲ್ಲ. ಆದರೆ ಅದೇ ವರ್ಷ ಅದೇ ಬೋರ್ಡು ಇನ್ನೊಂದು ಕೆಲಸವನ್ನೂ ಮಾಡಿತು. ವೆಬ್‌ಕಾಸ್ಟಿಂಗ್ ಕಾವಲಿನಲ್ಲಿ ಪರೀಕ್ಷೆ ನಡೆದು ನಕಲು ಕಷ್ಟವಾದಾಗ, ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿತು. ಅಷ್ಟಾದರೂ ಉತ್ತೀರ್ಣರ ಪ್ರಮಾಣ ಹಿಂದಿನ ವರ್ಷದ 83.89ರಿಂದ 73.40ಕ್ಕೆ ಇಳಿಯಿತು. ಟೀಕೆ ಬಂದ ಮೇಲೆ ಮರುವರ್ಷ ಹೆಚ್ಚುವರಿ ಕೃಪೆ ನಿಂತಿತು. ಟಿಶ್ಯೂ ಡಬ್ಬಕ್ಕಾದರೂ ಮಗು ಅಂಗಡಿಯವರೆಗೆ ಹೋಗಿಬರಬೇಕು. ಕೃಪಾಂಕಕ್ಕೆ ಅದೂ ಬೇಡ.

ಎಲ್ಲ ಮಿತಿಯೂ ಕೆಟ್ಟದ್ದಲ್ಲ, ಅದನ್ನೂ ಹೇಳಬೇಕು. ಇಲ್ಲಿ ಎಪಿ ಎಂಬ ಕಾಲೇಜು ಮಟ್ಟದ ಕೋರ್ಸುಗಳಿವೆ. ಅದರಲ್ಲಿ ಎ ಬಂದರೆ 4ರ ಬದಲು 5. ಶ್ರೀಮಂತ ಬಡಾವಣೆಯ ಶಾಲೆಯಲ್ಲಿ ಇಂಥ ಕೋರ್ಸು ಬೇಕಾದಷ್ಟು, ಬಡ ಊರಿನಲ್ಲಿ ಬೆರಳೆಣಿಕೆಯಷ್ಟು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಜಿಪಿಎ ಲೆಕ್ಕ ಹಾಕುವಾಗ ಈ ಹೆಚ್ಚಿನ ಪಾಯಿಂಟನ್ನು ಎಂಟು ಸೆಮಿಸ್ಟರ್ ಕೋರ್ಸುಗಳಿಗೆ ಮಾತ್ರ ಕೊಡುತ್ತದೆ. ಅದರಲ್ಲಿ ಹತ್ತನೇ ತರಗತಿಯವು ನಾಲ್ಕಕ್ಕಿಂತ ಹೆಚ್ಚಿರುವಂತಿಲ್ಲ. ಮಿತಿಯಿಲ್ಲದ ಲೆಕ್ಕವೂ ಅರ್ಜಿ ಓದುವವರಿಗೆ ಕಾಣುತ್ತದೆ, ಅದು ಬೇರೆ ಮಾತು. ಈ ಮಿತಿಯನ್ನು ನಾನು ಒಪ್ಪುತ್ತೇನೆ. ಇದು ಕಟ್ಟಿಹಾಕುವುದು ಮಗುವಿನ ಕಲಿಕೆಯನ್ನಲ್ಲ, ಮನೆಯ ವಿಳಾಸದಿಂದ ಬಂದ ಅನುಕೂಲವನ್ನು. ನನ್ನ ಕನ್ನಡದ ಪೋಷಕರಿಗೆ ಮಾತ್ರ ಇದು ಸುತರಾಂ ಹಿಡಿಸುವುದಿಲ್ಲ. ಹದಿನಾರು ಸೆಮಿಸ್ಟರಿನಷ್ಟು ಎಪಿ ಓದಿಸಿದ್ದೇವಲ್ಲ ಎನ್ನುತ್ತಾರೆ.

ನನ್ನ ಕೋಣೆಯ ಕಾನೂನಿಗೂ ತೂತುಗಳಿವೆ. ಮರುಪರೀಕ್ಷೆಯನ್ನು ಶಾಲೆ ಬಿಟ್ಟ ಮೇಲೆ ಇಟ್ಟಿದ್ದೆ. ಬರ್ಗರ್ ಅಂಗಡಿಗೆ ಹೋಗುವವನಿಗೆ, ತಂಗಿಯನ್ನು ಕರೆತರಬೇಕಾದವಳಿಗೆ ಆಗ ಪುರುಸೊತ್ತಿಲ್ಲ. ಯಾರಿಗಾಗಿ ಇಟ್ಟಿದ್ದೆನೋ ಅವರನ್ನೇ ಬಿಟ್ಟು ಉಳಿದವರು ಬರುತ್ತಿದ್ದರು. ಈ ವರ್ಷ ಮಧ್ಯಾಹ್ನದ ಊಟದ ಬಿಡುವಿಗೆ ಬದಲಿಸಿದ್ದೇನೆ. ರೊಬಾಟಿಕ್ಸ್ ಕ್ಲಬ್ಬಿನವರ ಸಭೆಯೂ ಅದೇ ಹೊತ್ತಿಗಂತೆ, ಅವರ ತಕರಾರು ಆಗಲೇ ಶುರುವಾಗಿದೆ.