ಪದೇ ಪದೇ ಪಂಕ್ಚರ್ ಆಗುವ ಸೈಕಲ್ಲು

ಸೈಕಲ್ಲು ಒಂದು ಸಲ ಪಂಕ್ಚರ್ ಆದರೆ ಅದನ್ನು ಆಕಸ್ಮಿಕ ಎನ್ನಬಹುದು. ಅದೇ ಚಕ್ರ ಹದಿನೈದು ದಿನಗಳಲ್ಲಿ ಮೂರು ಸಲ ಗಾಳಿ ಕಳೆದುಕೊಂಡರೆ ಗ್ರಹಚಾರವನ್ನು ಹಳಿದು ಫಲವಿಲ್ಲ. ಮೊದಲ ಸಲ ತೂತು ಮಾಡಿದ ಕಾರಣ ಇನ್ನೂ ಚಕ್ರದಲ್ಲಿಯೇ ಕುಳಿತಿದೆ ಎಂದು ತಿಳಿಯಬೇಕು. ಟ್ಯೂಬಿಗೆ ತೇಪೆ ಹಾಕಿದ್ದಾಯಿತು, ಅದು ಸಾಲದೆಂದು ಹೊಸ ಟ್ಯೂಬನ್ನೇ ತಂದು ಹಾಕಿದ್ದಾಯಿತು. ತೂತು ಮಾಡಿದ ವಸ್ತುವನ್ನು ಮಾತ್ರ ಯಾರೂ ಹುಡುಕಲಿಲ್ಲ. ಹೆಗ್ಗಣವನ್ನು ಒಳಗೇ ಬಿಟ್ಟು ಬಿಲ ಮುಚ್ಚಿದ ಹಾಗೆ.

ಇದನ್ನು ನಮ್ಮ ಸಂಚಿಕೆಗೆ ಬರೆಯಲು ಕಾರಣವಿದೆ. ನಾವು ಹಲವರು ನೆಲೆಸಿರುವ ಡೇವಿಸ್ ಸೈಕಲ್ಲಿಗೆ ಹೆಸರಾದ ಊರು. ಬೀದಿಯಲ್ಲಿ ಸೈಕಲ್ಲಿಗೆಂದೇ ಪ್ರತ್ಯೇಕ ಪಟ್ಟೆ ಬಳಿದ ಅಮೆರಿಕದ ಮೊದಲ ಊರು ಎಂಬ ಕೀರ್ತಿ ಇದಕ್ಕೆ 1967ರಿಂದ ಇದೆ. ವಿಶ್ವವಿದ್ಯಾಲಯಕ್ಕೆ ಬಂದಿರುವ ನಮ್ಮ ವಿದ್ಯಾರ್ಥಿಗಳಿಗೆ ಅಪರಾತ್ರಿಯಲ್ಲಿ ಲ್ಯಾಬಿನಿಂದ ಮನೆ ಸೇರಲು ಸೈಕಲ್ಲೇ ಗತಿ. ಮಕ್ಕಳು ಶಾಲೆಗೆ ಹೋಗುವುದು ಅದರಲ್ಲೇ. ಊರಿನಿಂದ ಆರು ತಿಂಗಳಿಗೆಂದು ಬಂದ ತಂದೆಯವರಿಗೆ ಇಲ್ಲಿ ಕಾರು ಓಡಿಸಲು ಬಾರದು. ಒಂದು ಸೈಕಲ್ ಇದ್ದರೆ ಯಾರ ಹಂಗೂ ಇಲ್ಲದೆ ಲೈಬ್ರರಿಗೋ ಶನಿವಾರದ ತರಕಾರಿ ಸಂತೆಗೋ ಹೋಗಿ ಬರುತ್ತಾರೆ. ಉರಿಬಿಸಿಲಿನಲ್ಲಿ ಎರಡು ಸಲ ಸೈಕಲ್ಲನ್ನು ನೂಕಿಕೊಂಡು ಬಂದವರು ಮೂರನೆಯ ಸಲ ಹೊರಡುವುದಿಲ್ಲ. ಗ್ಯಾರೇಜಿನ ಗೋಡೆಗೆ ಒರಗಿದ ಸೈಕಲ್ಲಿನ ಜೊತೆಗೆ ಅವರ ಓಡಾಟವೂ ನಿಲ್ಲುತ್ತದೆ.

ಮೊದಲ ಆರೋಪಿ ನಮ್ಮ ಊರಿನವನೇ

ಬಯಲುಸೀಮೆಯ ಹೊಲದ ಬದುಗಳ ಮೇಲೆ ಬರಿಗಾಲಲ್ಲಿ ಓಡಾಡಿದವರಿಗೆ ನೆಗ್ಗಿಲು ಮುಳ್ಳನ್ನು ಪರಿಚಯಿಸಬೇಕಾಗಿಲ್ಲ. ನೆಲಕ್ಕಂಟಿ ಹರಡುವ ಬಳ್ಳಿ, ಜೋಡಿ ಜೋಡಿ ಪುಟ್ಟ ಎಲೆಗಳು, ಐದು ದಳದ ಹಳದಿ ಹೂವು. ಆಯುರ್ವೇದದವರು ಇದನ್ನೇ ಗೋಕ್ಷುರ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಟ್ರಿಬ್ಯುಲಸ್ ಟೆರೆಸ್ಟ್ರಿಸ್. ಕ್ಯಾಲಿಫೋರ್ನಿಯಾದ ಒಣ ಕಣಿವೆಗಳಲ್ಲಿ ಸೈಕಲ್ ಟೈರನ್ನು ಕಾಡುವ ಮುಳ್ಳು ಇದೇ. ಒಣಗಿದ ಕಾಯಿ ಐದು ಹೋಳಾಗಿ ಒಡೆಯುತ್ತದೆ. ಒಂದೊಂದು ಹೋಳಿಗೂ ಎರಡು ಗಟ್ಟಿ ಮುಳ್ಳು. ಮೇಕೆಯ ಕೊಂಬಿನಂತೆ ಕಾಣುವುದರಿಂದ ಇಲ್ಲಿನವರು ಇದನ್ನು ಗೋಟ್‌ಹೆಡ್ ಎನ್ನುತ್ತಾರೆ. ಬಳ್ಳಿಗಂತೂ ‘ಪಂಕ್ಚರ್ ವೈನ್’ ಎಂಬ ಹೆಸರೇ ಇದೆ.

ಈ ಬಳ್ಳಿಯನ್ನು ಅಡಗಿಸಲು 1961ರಲ್ಲಿ ಇಟಲಿಯಿಂದ ಎರಡು ಜಾತಿಯ ಮೂತಿಹುಳುಗಳನ್ನು ತಂದು ಇಲ್ಲಿ ಬಿಟ್ಟರು. ಒಂದು ಕಾಯನ್ನು ಕೊರೆಯುತ್ತದೆ, ಇನ್ನೊಂದು ಕಾಂಡವನ್ನು. ಹಲವು ಕಡೆ ಬಳ್ಳಿ ತಗ್ಗಿತು, ಆದರೆ ನಿರ್ಮೂಲವಾಗಲಿಲ್ಲ. ಬೀಜ ಹಲವು ವರ್ಷ ಮಣ್ಣಿನಲ್ಲಿ ಜೀವ ಹಿಡಿದುಕೊಂಡಿರುತ್ತದೆ. ಬೇಸಿಗೆಯ ಕೊನೆಯಿಂದ ಮೊದಲ ಮಳೆಯವರೆಗೆ ಕಾಟ ಹೆಚ್ಚು.

ಎರಡನೆಯ ಆರೋಪಿ ಕಣ್ಣಿಗೆ ಬೀಳುವುದೇ ಕಷ್ಟ. ಲಾರಿಗಳ ಟೈರಿನೊಳಗೆ ಉಕ್ಕಿನ ಎಳೆಗಳಿರುತ್ತವೆ. ಅಂತಹ ಟೈರು ಹರಿದಾಗ ಕೂದಲಿನಷ್ಟು ತೆಳುವಾದ ತಂತಿಯ ಚೂರುಗಳು ರಸ್ತೆಯ ಅಂಚಿಗೆ ಬಂದು ಸೇರುತ್ತವೆ. ಸೈಕಲ್ಲಿನ ಟೈರಿಗೆ ಹೊಕ್ಕರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಗಾಜಿನ ಚೂರು ಮೂರನೆಯದು.

ತೂತು ಇರುವ ಜಾಗವೇ ಸಾಕ್ಷಿ

ನಮ್ಮ ಊರುಗಳ ಸೈಕಲ್ ಶಾಪಿನವರು ಟ್ಯೂಬನ್ನು ಬಕೆಟ್ ನೀರಿನಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದುದು ಎಲ್ಲರಿಗೂ ನೆನಪಿದೆ. ಅದಕ್ಕಿಂತ ಮುಖ್ಯವಾದದ್ದು ಅವರು ಆಮೇಲೆ ಮಾಡುತ್ತಿದ್ದ ಕೆಲಸ. ಟೈರಿನ ಒಳಗೆ ಸುತ್ತಲೂ ಬೆರಳಾಡಿಸಿ ನೋಡದೆ ಅವರು ಟ್ಯೂಬನ್ನು ಮತ್ತೆ ಕೂರಿಸುತ್ತಿರಲಿಲ್ಲ. ನಾವೂ ಅದನ್ನೇ ಮಾಡಬೇಕು, ಸ್ವಲ್ಪ ಕ್ರಮವಾಗಿ.

ಟೈರನ್ನು ಬಿಚ್ಚುವ ಮೊದಲು ವಾಲ್ವ್ ಇರುವ ಜಾಗಕ್ಕೆ ಸರಿಯಾಗಿ ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಟ್ಯೂಬಿನ ಯಾವ ಮಗ್ಗುಲು ಬಲಗಡೆಗಿತ್ತು ಎಂಬುದನ್ನೂ ಗುರುತಿಸಿ. ತೂತು ಸಿಕ್ಕ ಮೇಲೆ ವಾಲ್ವಿನಿಂದ ಅದು ಎಷ್ಟು ದೂರವಿದೆಯೋ ಟೈರಿನ ಮೇಲೂ ಗುರುತಿನಿಂದ ಅಷ್ಟೇ ದೂರದಲ್ಲಿ ಹುಡುಕಿ. ಬರಿಬೆರಳನ್ನು ಆಡಿಸಿದರೆ ಕುಯ್ದುಕೊಳ್ಳುವ ಅಪಾಯವಿದೆ. ಹತ್ತಿಯ ಉಂಡೆಯನ್ನು ಒಳಗಡೆ ಉಜ್ಜುತ್ತಾ ಹೋದರೆ ಮುಳ್ಳಿರುವಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ.

ತೂತು ಯಾವ ಕಡೆಗಿದೆ ಎಂಬುದರಿಂದ ಕಾರಣ ತಿಳಿಯುತ್ತದೆ. ನೆಲದ ಕಡೆಗಿದ್ದರೆ ಮುಳ್ಳು, ಗಾಜು ಅಥವಾ ತಂತಿ. ರಿಮ್ಮಿನ ಕಡೆಗಿದ್ದರೆ ರಸ್ತೆಯ ತಪ್ಪೇನೂ ಇಲ್ಲ. ರಿಮ್ ಟೇಪು ಸರಿದು ಸ್ಪೋಕ್ ಕಡ್ಡಿಯ ತುದಿಯೋ ಅದರ ರಂಧ್ರದ ಅಂಚೋ ಟ್ಯೂಬಿಗೆ ತಗುಲುತ್ತಿದೆ. ಹಾವು ಕಚ್ಚಿದ ಗುರುತಿನಂತೆ ಅಕ್ಕಪಕ್ಕ ಎರಡು ತೂತಿದ್ದರೆ ಗಾಳಿ ಕಡಿಮೆಯಿದ್ದು, ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಜಜ್ಜಿದೆ. ವಾಲ್ವಿನ ಬುಡದಲ್ಲಿ ಹರಿದಿದ್ದರೆ ಗಾಳಿ ಸಾಲದೆ ಟೈರು ಜಾರಿ ಟ್ಯೂಬನ್ನು ಎಳೆದಿರಬಹುದು. ತೇಪೆ ಅಲ್ಲಿ ನಿಲ್ಲುವುದಿಲ್ಲ, ಟ್ಯೂಬನ್ನೇ ಬದಲಾಯಿಸಬೇಕು.

ಕಳೆದ ಸೆಪ್ಟೆಂಬರಿನಲ್ಲಿ ನಮ್ಮ ವಿದ್ಯಾರ್ಥಿಯೊಬ್ಬರು ನಾಲ್ಕು ಟ್ಯೂಬು ಬದಲಾಯಿಸಿ ರೋಸಿಹೋಗಿ, ಸಾಲ ಮಾಡಿ ಹಳೆಯ ಕಾರು ಕೊಳ್ಳುವ ಮಾತಾಡುತ್ತಿದ್ದರು. ಕಸಕ್ಕೆ ಹಾಕದೆ ಇಟ್ಟಿದ್ದ ನಾಲ್ಕನ್ನೂ ವಾಲ್ವಿಗೆ ವಾಲ್ವು ಸೇರಿಸಿ ಸಾಲಾಗಿ ಹಾಸಿದೆವು. ನಾಲ್ಕರಲ್ಲೂ ತೂತು ಒಂದೇ ದೂರದಲ್ಲಿತ್ತು. ಟೈರಿನಲ್ಲಿ ಅದೇ ಜಾಗವನ್ನು ಒಳಮಗ್ಗುಲಾಗಿ ಬಗ್ಗಿಸಿದಾಗ ಸಾಸಿವೆಯಷ್ಟು ಮುಳ್ಳಿನ ತುದಿ ಹೊರಬಂತು. ಚಿಮುಟದಿಂದ ಕಿತ್ತ ಮೇಲೆ ಆ ಚಕ್ರ ಡಿಸೆಂಬರಿನ ಪರೀಕ್ಷೆ ಮುಗಿಯುವವರೆಗೂ ಓಡಿತು. ಕಾರಿನ ಮಾತು ನಿಂತಿತು.

ಸೊಲ್ಯೂಷನ್ ಆರಬೇಕು ಏಕೆ?

ತೇಪೆ ಕಿತ್ತುಬರುತ್ತದೆ ಎಂಬುದು ಎಲ್ಲರ ದೂರು. ಇಲ್ಲಿ ಸ್ವಲ್ಪ ರಸಾಯನಶಾಸ್ತ್ರ ಬೇಕಾಗುತ್ತದೆ. ಮರದಿಂದ ಬರುವ ರಬ್ಬರು ನೂಲಿನಂತಹ ಉದ್ದುದ್ದ ಅಣುಗಳ ರಾಶಿ. ಬಿಸಿಲಿಗೆ ಅಂಟಂಟಾಗಿ ಚಳಿಗೆ ಗಡುಸಾಗುತ್ತದೆ. ಗಂಧಕದೊಡನೆ ಕಾಯಿಸಿದರೆ ಈ ದೋಷ ಹೋಗುತ್ತದೆ ಎಂಬುದನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡು 1844ರಲ್ಲಿ ಪೇಟೆಂಟ್ ಪಡೆದ. ಗಂಧಕವು ಅಣುಗಳ ಎಳೆಗಳ ನಡುವೆ ಅಡ್ಡಕೊಂಡಿ ಹಾಕುತ್ತದೆ. ಇಂದಿನ ಟ್ಯೂಬುಗಳು ಬಹುಮಟ್ಟಿಗೆ ಬ್ಯುಟೈಲ್ ರಬ್ಬರಿನವು. 1937ರಲ್ಲಿ ಅಮೆರಿಕದಲ್ಲಿ ತಯಾರಾದ ಈ ರಬ್ಬರಿನ ಮೂಲಕ ಗಾಳಿ ಬಹಳ ನಿಧಾನವಾಗಿ ನುಸುಳುತ್ತದೆ.

ಸೊಲ್ಯೂಷನ್ ಎಂದರೆ ದ್ರಾವಕದಲ್ಲಿ ಕರಗಿಸಿದ ರಬ್ಬರು. ಒಳ್ಳೆಯದರಲ್ಲಿ ಅಡ್ಡಕೊಂಡಿ ಬೇಗ ಕೂಡಿಸುವ ರಾಸಾಯನಿಕವೂ ಇರುತ್ತದೆ. ಟ್ಯೂಬಿನ ಮೇಲ್ಮೈಯಲ್ಲಿ ಕಾರ್ಖಾನೆಯ ಪುಡಿ, ಜಿಡ್ಡು ಉಳಿದಿರುತ್ತದೆ. ಅದಕ್ಕಾಗಿಯೇ ಮರಳುಕಾಗದದಿಂದ ಉಜ್ಜುವುದು. ನಂತರ ತೇಪೆಗಿಂತ ಅಗಲವಾಗಿ, ತೆಳ್ಳಗೆ ಸೊಲ್ಯೂಷನ್ ಬಳಿದು ಸುಮಾರು ಐದು ನಿಮಿಷ ಕಾಯಬೇಕು. ಹೊಳಪು ಹೋಗಿ ಮಂಕಾದಾಗ ದ್ರಾವಕ ಹಾರಿಹೋಗಿದೆ ಎಂದರ್ಥ. ಹಸಿಯಿರುವಾಗಲೇ ತೇಪೆ ಒತ್ತಿದರೆ ದ್ರಾವಕ ಒಳಗೆ ಸಿಕ್ಕಿಕೊಂಡು ಹಿಡಿತ ಸಡಿಲವಾಗುತ್ತದೆ. ಆರಿದ ಮೇಲೆ ಬೆರಳು ಸೋಕಿಸದೆ ತೇಪೆಯಿಟ್ಟು, ಚಮಚದ ಬೆನ್ನಿನಿಂದ ಒಂದು ನಿಮಿಷ ಬಲವಾಗಿ ಉಜ್ಜಿ. ಕಿಟಕಿ ತೆರೆದಿರಲಿ, ಹತ್ತಿರ ಒಲೆ ಬೇಡ. ಒಮ್ಮೆ ತೆರೆದ ಸೊಲ್ಯೂಷನ್ ಟ್ಯೂಬು ಕೆಲವು ತಿಂಗಳಲ್ಲಿ ಒಣಗಿಹೋಗುತ್ತದೆ, ಬೇಕಾದಾಗ ಕೈಕೊಡುತ್ತದೆ.

ಪಂಕ್ಚರ್ ಅಲ್ಲದ ಪಂಕ್ಚರ್

ನೀರಿನಲ್ಲಿ ಅದ್ದಿದರೂ ಗುಳ್ಳೆ ಬರದಿದ್ದರೆ ವಾಲ್ವನ್ನು ಪರೀಕ್ಷಿಸಿ. ಬಾಯಿಗೆ ಎಂಜಲು ಹಚ್ಚಿ ನೋಡುವ ನಮ್ಮ ಹಳೆಯ ಉಪಾಯ ಇಲ್ಲಿಯೂ ನಡೆಯುತ್ತದೆ. ಚಿಕ್ಕ ಸಿಲಿಂಡರಿನಲ್ಲಿ ಬರುವ ಇಂಗಾಲದ ಡೈಆಕ್ಸೈಡಿನಿಂದ ಟೈರು ತುಂಬಿಸಿಕೊಂಡವರು ಮರುದಿನ ಅದು ಮೆತ್ತಗಾದರೆ ಗಾಬರಿಯಾಗಬೇಕಾಗಿಲ್ಲ. ಆ ಅನಿಲ ರಬ್ಬರಿನಲ್ಲಿ ಸುಲಭವಾಗಿ ಕರಗಿ ಗಾಳಿಗಿಂತ ಬೇಗ ಹೊರಹೋಗುತ್ತದೆ. ಮನೆ ತಲುಪಿದ ಮೇಲೆ ಅದನ್ನು ಬಿಟ್ಟು ಪಂಪಿನಿಂದ ಗಾಳಿ ಹೊಡೆದರಾಯಿತು.

ಬಾರದಂತೆ ತಡೆಯಲು

ಎಲ್ಲಕ್ಕಿಂತ ಅಗ್ಗದ ಉಪಾಯ ವಾರಕ್ಕೊಮ್ಮೆ ಗಾಳಿ ನೋಡುವುದು. ಎಷ್ಟಿರಬೇಕೆಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಚಳಿ ಬಂದಾಗ ಇನ್ನೂ ಗಮನ ಬೇಕು: 60 ಪೌಂಡ್ ಒತ್ತಡದ ಟೈರು, ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು ಎರಡೂವರೆ ಪೌಂಡ್ ಕಳೆದುಕೊಳ್ಳುತ್ತದೆ.

ಸವೆದ ಟೈರಿಗೆ ಎಷ್ಟು ಟ್ಯೂಬು ಹಾಕಿದರೂ ವ್ಯರ್ಥ. ಹೊಸದು ಕೊಳ್ಳುವಾಗ ಒಳಗೆ ರಕ್ಷಣೆಯ ಪದರವಿರುವ ಟೈರನ್ನೇ ಕೇಳಿ. ಮುಳ್ಳು ಹೆಚ್ಚಿರುವ ಕಡೆ ದಪ್ಪ ಟ್ಯೂಬು ಅಥವಾ ತೂತನ್ನು ತಾನೇ ಮುಚ್ಚುವ ಹಸಿರು ದ್ರವ ತುಂಬಿದ ಟ್ಯೂಬು ಉಪಯುಕ್ತ. ಚಕ್ರ ಸ್ವಲ್ಪ ಭಾರವಾಗುತ್ತದೆ ಅಷ್ಟೆ. ಆ ದ್ರವ ಮುಳ್ಳಿನಂತಹ ಸಣ್ಣ ತೂತಿಗೆ ಸರಿ, ಗಾಜಿನ ಸೀಳಿಗೆ ನಡೆಯದು. ಟೈರಿನೊಳಗೆ ಹಾಸುವ ಪಟ್ಟಿಯನ್ನು ಬಳಸುವವರು ಅದರ ತುದಿಗಳಿಗೆ ಟೇಪು ಸುತ್ತಿ. ಇಲ್ಲವಾದರೆ ಕಾಯಬೇಕಾದ ಪಟ್ಟಿಯೇ ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ.

ರಸ್ತೆಯ ತೀರ ಅಂಚಿನಲ್ಲಿ ಕಸವೆಲ್ಲ ಸೇರಿರುತ್ತದೆ. ಅದರಿಂದ ತುಸು ಒಳಗೆ ಸಾಗಿ. ಒದ್ದೆ ರಬ್ಬರನ್ನು ಗಾಜು ಸುಲಭವಾಗಿ ಕೊಯ್ಯುವುದರಿಂದ ಮಳೆಯಲ್ಲಿ ಹೆಚ್ಚು ಎಚ್ಚರ. ಖಾಲಿ ನಿವೇಶನದ ಮೇಲೆ ಅಡ್ಡದಾರಿ ಹಿಡಿಯುವ ಮಕ್ಕಳಿಗೆ ಸೈಕಲ್ಲನ್ನು ಎತ್ತಿಕೊಂಡು ದಾಟಲು ಹೇಳಿಕೊಡಿ. ಮನೆಯ ಮುಂದೆ ಹಳದಿ ಹೂವಿನ ಬಳ್ಳಿ ಕಂಡರೆ ಕಾಯಿ ಬಲಿಯುವ ಮೊದಲೇ ನೆಲಕ್ಕೆ ನೀರು ಹಾಕಿ, ತಾಯಿಬೇರು ಸಮೇತ ಕಿತ್ತು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಗೊಬ್ಬರದ ಗುಂಡಿಗೆ ಬೇಡ. ಒಂದು ಗಿಡವನ್ನು ಹಾಗೆ ಬಿಟ್ಟರೆ ನೂರಾರು, ಸಾವಿರಾರು ಬೀಜ ಉದುರಿಸುತ್ತದೆ.

ಸೀಟಿನ ಕೆಳಗೆ ಸಿಕ್ಕಿಸುವ ಚೀಲದಲ್ಲಿ ಒಂದು ಟ್ಯೂಬು, ಎರಡು ಟೈರ್ ಲಿವರ್, ತೇಪೆಯ ಡಬ್ಬಿ, ಚಿಮುಟ ಇರಲಿ, ಕೈಪಂಪು ಜೊತೆಗಿರಲಿ. ಹತ್ತು ಹನ್ನೆರಡು ವರ್ಷದ ಮಕ್ಕಳು ಈ ಕೆಲಸವನ್ನು ಒಂದು ಮಧ್ಯಾಹ್ನದಲ್ಲಿ ಕಲಿಯುತ್ತಾರೆ. ಸಂಘದ ಮುಂದಿನ ಪಿಕ್ನಿಕ್ಕಿಗೆ ಬರುವವರು ಗ್ಯಾರೇಜಿನಲ್ಲಿ ಒರಗಿಸಿಟ್ಟ ಸೈಕಲ್ಲನ್ನೂ ಕರೆತನ್ನಿ. ಬಕೆಟ್ಟು, ಸೊಲ್ಯೂಷನ್, ತೇಪೆ ನಾನು ತರುತ್ತೇನೆ. ಮುಳ್ಳನ್ನು ಮಕ್ಕಳೇ ಹುಡುಕಲಿ.