ಸಾಕಿದ ಮಗು: ದತ್ತು ಪಡೆಯುವುದೋ, ಪಾಲಕರಾಗುವುದೋ?

ಫಾಸ್ಟರ್ ಕೇರ್‌ನಲ್ಲಿ ಬಂದು ಮಡಿಲಲ್ಲಿ ಬೆಳೆದ ಮಗುವನ್ನು ಶಾಶ್ವತವಾಗಿ ತಮ್ಮದಾಗಿಸಿಕೊಳ್ಳುವ ಹಂಬಲ ರಾಜಾಜಿನಗರ, ವಿಜಯನಗರ, ಕೆಂಗೇರಿಗಳ ಸದ್ಭಕ್ತರ ಮನೆಗಳಲ್ಲಿಯೂ ಮೂಡುವುದು ಸಹಜ. ಆದರೆ ಮಕ್ಕಳ ಕಲ್ಯಾಣ ಸಮಿತಿ ಹೀಗೆ ಒಪ್ಪಿಸುವ ಮಗುವಿಗೆ ಹೆತ್ತವರು ಇರಲೂಬಹುದು. ರೋಗದಿಂದಲೋ ಸೆರೆವಾಸದಿಂದಲೋ ಸಾಕಲಾಗದೆ ಇರಬಹುದು. ಆದ್ದರಿಂದ ನಾವು ಮೊದಲು ಕೇಳಿಕೊಳ್ಳಬೇಕಾದುದು: ತಾಯಿ ಮರಳಿ ಬರಬಹುದೇ?

ಬರುವ ಭರವಸೆಯಿದ್ದರೆ ಪಾಲಕತ್ವವೇ ಲೇಸೆಂದು ನಮ್ಮ ಅಭಿಪ್ರಾಯ. 1890ರ ಕಾಯ್ದೆಯಂತೆ ನ್ಯಾಯಾಲಯ ನೇಮಿಸುವ ಪಾಲಕರು ಮಗುವಿನ ಶಾಲೆ, ಆರೋಗ್ಯಗಳ ಹೊಣೆ ಹೊರುತ್ತಾರೆ. ಹೆತ್ತವರ ಹೆಸರೂ ಅವರ ಆಸ್ತಿಯ ಹಕ್ಕೂ ಅಳಿಯುವುದಿಲ್ಲ. ಆದರೆ 18 ತುಂಬಿದೊಡನೆ ಪಾಲಕತ್ವ ಮುಗಿಯುತ್ತದೆ. ಪಾಲಕರ ಆಸ್ತಿಯಲ್ಲಿ ಮಗುವಿಗೆ ತಾನಾಗಿಯೇ ಪಾಲು ದೊರೆಯದು, ಉಯಿಲು ಬರೆಯಲೇಬೇಕು. ಇದನ್ನು ಮರೆಯುವವರೇ ಹೆಚ್ಚು.

ದತ್ತಿನ ಮಾತು ಬರುವುದು, ಮಗು ಅದಕ್ಕೆ ಕಾನೂನುಬದ್ಧವಾಗಿ ಮುಕ್ತವೆಂದು ಸಮಿತಿ ಘೋಷಿಸಿದ ಬಳಿಕವೇ. ಛಾಪಾ ಕಾಗದದ ಒಪ್ಪಂದ ಅದಕ್ಕೆ ಬದಲಾಗದು. 2024ರ ಮಾರ್ಗಸೂಚಿಯಂತೆ ಎರಡು ವರ್ಷ ಸಾಕಿದ ಕುಟುಂಬ ದತ್ತು ಕೋರಬಹುದು. ಹಿಂದೆ ಐದು ವರ್ಷ ಕಾಯಬೇಕಿತ್ತು. 2022ರ ಸೆಪ್ಟೆಂಬರ್‌ನಿಂದ ಆದೇಶ ನೀಡುವವರು ಜಿಲ್ಲಾಧಿಕಾರಿಗಳು. ಆ ಆದೇಶದಿಂದ ಮಗು ಹೆತ್ತ ಮನೆಯ ಸಂಬಂಧ ಕಳಚಿಕೊಂಡು ದತ್ತು ಪಡೆದವರ ವಾರಸುದಾರನಾಗುತ್ತದೆ. ಅದಕ್ಕೂ ಮುನ್ನ ಮಗುವಿನ ಇಚ್ಛೆಯನ್ನು ವಯಸ್ಸಿಗೆ ತಕ್ಕಂತೆ ಪರಿಗಣಿಸಬೇಕೆಂದು ಕಾಯ್ದೆಯೇ ಹೇಳಿದೆ.