ಮಂದಪ್ರಭೆಯ ಸಂಚಯ

ಹೇಮಂತದ ನಿರ್ಮಲವಾದ ರಾತ್ರಿಗಳಲ್ಲಿ, ಒರಾಯನ್ ಎಂಬ ಮಹಾವ್ಯಾಧನ ನಡುಕಟ್ಟಿನ ಮೂರು ನಕ್ಷತ್ರಗಳ ಕೆಳಗೆ, ಅವನ ಖಡ್ಗವೆಂದು ಕಲ್ಪಿತವಾದ ಕಿರುಸಾಲಿನ ನಡುವೆ, ಬರಿಗಣ್ಣಿಗೂ ಮಸುಕಾಗಿ ತೋರುವ ಒಂದು ಬಿಂದುವುಂಟು. ಸುಮಾರು 1,300 ಜ್ಯೋತಿರ್ವರ್ಷಗಳ ದೂರದಲ್ಲಿ ಹೊಸ ನಕ್ಷತ್ರಗಳು ಜನ್ಮ ತಾಳುತ್ತಿರುವ ಆ ಅನಿಲರಾಶಿಯೇ ಒರಾಯನ್ ನೀಹಾರಿಕೆ. ಮುದ್ರಿತ ಚಿತ್ರಗಳಲ್ಲಿ ಅದರ ವರ್ಣವೈಭವವನ್ನು ಕಂಡು, ಅದನ್ನೇ ನಿರೀಕ್ಷಿಸುತ್ತ ದೂರದರ್ಶಕಕ್ಕೆ ಕಣ್ಣಿಟ್ಟವರು, ಬೂದುಬಣ್ಣದ ಮಂಜಿನ ತುಣುಕೊಂದನ್ನಷ್ಟೇ ಕಂಡು ಖಿನ್ನರಾಗುವುದುಂಟು. ಕಣ್ಣಿನ ಸ್ವಭಾವವೇ ಅಂಥದು: ತನ್ನ ಮೇಲೆ ಬಿದ್ದ ಬೆಳಕನ್ನು ಅದು ಆ ಕ್ಷಣಕ್ಕೇ ವ್ಯಯಮಾಡಿಬಿಡುತ್ತದೆ, ಕೂಡಿಡಲರಿಯದು, ಬೆಳಕು ತೀರ ಮಂದವಾದಾಗ ಬಣ್ಣವನ್ನೂ ತಿಳಿಯದು. ಛಾಯಾಗ್ರಹಣವಾದರೋ ಗಂಟೆಗಟ್ಟಲೆ ಬಂದ ಬೆಳಕನ್ನು ಒಂದೇ ಎಡೆಯಲ್ಲಿ ಸಂಚಯಿಸಬಲ್ಲುದು. ಮನೆಯ ಹಿತ್ತಿಲಿನಿಂದಲೋ ಮಾಳಿಗೆಯಿಂದಲೋ ನೀಹಾರಿಕೆಗಳ ಚಿತ್ರ ತೆಗೆಯುವ ಕಲೆಯೆಲ್ಲ ಈ ಸಂಚಯನದ ಕಲೆಯೇ; ಅದರಲ್ಲಿ ಪಳಗುವುದಕ್ಕೆ ಬೆಲೆಬಾಳುವ ಉಪಕರಣಗಳಿಗಿಂತ, ಬಂದ ಬೆಳಕನ್ನು ಪೋಲಾಗದಂತೆ ಕಾಯುವ ತಾಳ್ಮೆಯೇ ಹೆಚ್ಚು ಬೇಕಾದುದು.

ಮನೆಯಂಗಳಕ್ಕೂ ನೀಹಾರಿಕೆಗೂ ಇರುವ ನಂಟು ಹಳೆಯದು. ನ್ಯೂಯಾರ್ಕಿನ ವೈದ್ಯನಾಗಿದ್ದ ಹೆನ್ರಿ ಡ್ರೇಪರ್, ತನ್ನ ಸ್ವಂತ ವೀಕ್ಷಣಾಲಯದಲ್ಲಿ, 1880ರ ಸೆಪ್ಟೆಂಬರ್ 30ರಂದು 51 ನಿಮಿಷಗಳ ಎಕ್ಸ್‌ಪೋಷರ್ ಕೊಟ್ಟು ಒರಾಯನ್ ನೀಹಾರಿಕೆಯನ್ನು ಗಾಜಿನ ಫಲಕದ ಮೇಲೆ ಹಿಡಿದನು. ನೀಹಾರಿಕೆಯೊಂದರ ಪ್ರಥಮ ಛಾಯಾಚಿತ್ರವೆಂದರೆ ಅದೇ. ಮೂರು ವರ್ಷ ಕಳೆಯುವುದರೊಳಗೆ, ಇಂಗ್ಲೆಂಡಿನ ಈಲಿಂಗ್‌ನಲ್ಲಿ ನೈರ್ಮಲ್ಯ ಕಾಮಗಾರಿಗಳ ಎಂಜಿನಿಯರನಾಗಿದ್ದ ಆಂಡ್ರೂ ಏನ್ಸ್ಲೀ ಕಾಮನ್ ಎಂಬಾತನು, ತನ್ನ ಮನೆಯ ತೋಟದಲ್ಲಿ ನಿಲ್ಲಿಸಿದ್ದ 36 ಅಂಗುಲ ದರ್ಪಣದ ದೂರದರ್ಶಕದಿಂದ ಅದೇ ನೀಹಾರಿಕೆಯನ್ನು ಚಿತ್ರಿಸಿ, ಕಣ್ಣಿಗೆ ಗೋಚರವಾಗದ ನಕ್ಷತ್ರಗಳೂ ಫಲಕದ ಮೇಲೆ ಮೂಡುವುವೆಂಬುದನ್ನು ಜಗತ್ತಿಗೆ ತೋರಿಸಿಕೊಟ್ಟನು. ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯು 1884ರಲ್ಲಿ ಅವನಿಗೆ ಸುವರ್ಣಪದಕವನ್ನಿತ್ತು ಗೌರವಿಸಿತು. ವೃತ್ತಿಯಿಂದ ಖಗೋಳಜ್ಞನಲ್ಲದ ಗೃಹಸ್ಥನೊಬ್ಬನ ಬಿಡುವಿನ ವೇಳೆಯ ಫಲವದು.

ಇಂದಿನ ಹವ್ಯಾಸಿಗೆ ಕಾಮನ್ನನ ಭಾರಿ ದರ್ಪಣ ಬೇಕಾಗಿಲ್ಲ. ಆಕಾಶದ ವಸ್ತುಗಳೆಲ್ಲ ಅತಿ ಸಣ್ಣವು, ಅವನ್ನು ಬಹಳವಾಗಿ ಹಿಗ್ಗಿಸಿ ನೋಡಬೇಕು ಎಂಬ ಗ್ರಹಿಕೆ ಸಾಮಾನ್ಯವಾಗಿರುವುದಾದರೂ, ನೀಹಾರಿಕೆಗಳ ವಿಷಯದಲ್ಲಿ ಅದು ಸಲ್ಲದು. ಪೂರ್ಣಚಂದ್ರನು ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಅಗಲವಾಗಿ ಕಂಡರೆ, ಒರಾಯನ್ ನೀಹಾರಿಕೆ ಒಂದು ಡಿಗ್ರಿಯನ್ನೂ ಮೀರಿ ಹರಡಿದೆ. ಅದರ ಕೊರತೆ ಗಾತ್ರದ್ದಲ್ಲ, ಪ್ರಭೆಯದು. ಆದುದರಿಂದ 80 ಮಿಲಿಮೀಟರ್ ಮಸೂರದ ಪುಟ್ಟ ದೂರದರ್ಶಕವೇ ಈ ಕೆಲಸಕ್ಕೆ ಧಾರಾಳವಾಗಿ ಸಾಲುತ್ತದೆ. ಅಮೆರಿಕದ ಕೆಂಟಕಿಯಲ್ಲಿ ಜೇ ಮೆಕ್‌ನೀಲ್ ಎಂಬ ಹವ್ಯಾಸಿ 2004ರ ಜನವರಿಯಲ್ಲಿ, ಎಂ 78 ಎಂಬ ನೀಹಾರಿಕೆಯ ಬಳಿ, ಅದುವರೆಗೆ ಯಾರೂ ಗುರುತಿಸದಿದ್ದ ಹೊಸದೊಂದು ನೀಹಾರಿಕೆಯನ್ನು ಕಂಡುಹಿಡಿದುದು 3 ಅಂಗುಲದ ದೂರದರ್ಶಕದಿಂದ.

ಹಣವುಳ್ಳವರು ಅದನ್ನು ಮೊದಲು ವ್ಯಯಿಸತಕ್ಕುದು ಮೌಂಟಿನ ಮೇಲೆ, ಎಂದರೆ ದೂರದರ್ಶಕವನ್ನು ಹೊತ್ತು ತಿರುಗಿಸುವ ಪೀಠದ ಮೇಲೆ. ಭೂಮಿ ತಿರುಗುವುದರಿಂದ ಆಕಾಶವು ಒಂದು ಸೆಕೆಂಡಿಗೆ 15 ಆರ್ಕ್‌ಸೆಕೆಂಡಿನಷ್ಟು ಜರುಗುತ್ತದೆ; ಅದಕ್ಕೆ ಸಮನಾಗಿ ಮೌಂಟು ತಿರುಗದಿದ್ದರೆ ನಕ್ಷತ್ರಗಳು ಬಿಂದುಗಳಾಗದೆ ಗೆರೆಗಳಾಗುವುವು. ತಿರುಗುವ ಅಕ್ಷವು ಧ್ರುವದತ್ತ ನೇರವಾಗಿ ನೆಟ್ಟಿರಬೇಕು. ಬೆಂಗಳೂರಿನ ಅಕ್ಷಾಂಶ 13 ಡಿಗ್ರಿಯಾದುದರಿಂದ ಧ್ರುವನಕ್ಷತ್ರವು ಅಲ್ಲಿ ದಿಗಂತದಿಂದ ಅಷ್ಟೇ ಎತ್ತರದಲ್ಲಿ, ಎದುರುಮನೆಯ ನೀರಿನ ಟ್ಯಾಂಕಿನ ಮರೆಯಲ್ಲಿ ಅಡಗಿರುತ್ತದೆ. ಅಂಥ ಮಾಳಿಗೆಯವರಿಗೆ ಹಳೆಯ ಕ್ರಮವೊಂದು ಇದ್ದೇ ಇದೆ. ದಕ್ಷಿಣೋತ್ತರ ರೇಖೆಯ ಮೇಲೆ, ಖಗೋಳದ ವಿಷುವದ್ವೃತ್ತದ ಸಮೀಪ, ಒಂದು ನಕ್ಷತ್ರವನ್ನು ಗುರಿಮಾಡಿ, ಅದು ಉತ್ತರಕ್ಕೋ ದಕ್ಷಿಣಕ್ಕೋ ಮೆಲ್ಲನೆ ಸರಿಯುವುದನ್ನು ಗಮನಿಸಿ, ಅಕ್ಷವನ್ನು ಪೂರ್ವಪಶ್ಚಿಮಗಳಲ್ಲಿ ತುಸುತುಸುವೇ ತಿರುಗಿಸುತ್ತ ಆ ಸರಿತವನ್ನು ನಿಲ್ಲಿಸುವುದು. ಅನಂತರ ಪೂರ್ವದಲ್ಲಿ ತಗ್ಗಿನಲ್ಲಿರುವ ನಕ್ಷತ್ರವೊಂದರಿಂದ ಅಕ್ಷದ ಎತ್ತರವನ್ನು ಅದೇ ರೀತಿ ಸರಿಪಡಿಸುವುದು. ಈಗಿನ ಕಂಪ್ಯೂಟರುಗಳು ನಕ್ಷತ್ರಗಳ ವಿನ್ಯಾಸವನ್ನು ಗುರುತಿಸಿ ಇದೇ ಕೆಲಸವನ್ನು ನಿಮಿಷಗಳಲ್ಲಿ ಮುಗಿಸುವುವಾದರೂ, ಒಮ್ಮೆ ಕೈಯಾರೆ ಮಾಡಿದವನಿಗೆ ಆಕಾಶದ ಗತಿ ಮನಸ್ಸಿಗೆ ಹತ್ತುವಷ್ಟು ಬೇರಾರಿಗೂ ಹತ್ತದೆಂದು ನನ್ನ ನಂಬಿಕೆ.

ಫೋಕಸಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ರಷ್ಯದ ಪಾವೆಲ್ ಬಾಹ್ತಿನೊವ್ ರೂಪಿಸಿದ, ಓರೆ ಸೀಳುಗಳುಳ್ಳ ಮುಖವಾಡವನ್ನು ದೂರದರ್ಶಕದ ಬಾಯಿಗೆ ಇಟ್ಟರೆ ನಕ್ಷತ್ರದಿಂದ ಮೂರು ಕಿರಣಗಳು ಚಾಚುವುವು. ಅವುಗಳ ಪೈಕಿ ನಡುವಣದು ಉಳಿದೆರಡರ ಸಂಧಿಯಲ್ಲಿ ಸರಿಯಾಗಿ ನಿಂತಾಗ ಫೋಕಸು ಕೂಡಿದಂತೆ. ರಾತ್ರಿ ತಣ್ಣಗಾದಂತೆ ಕೊಳವೆ ಕುಗ್ಗುವುದರಿಂದ ನಡುನಡುವೆ ಮತ್ತೆ ನೋಡುತ್ತಿರಬೇಕು.

ಚಿತ್ರದ ಗುಣ ನಿಜವಾಗಿ ನಿರ್ಧಾರವಾಗುವುದು ಇದರ ಅನಂತರ. ಒಂದೇ ಸುದೀರ್ಘ ಎಕ್ಸ್‌ಪೋಷರಿನ ಬದಲು ಎರಡು ಮೂರು ನಿಮಿಷಗಳ ಅನೇಕ ಎಕ್ಸ್‌ಪೋಷರುಗಳನ್ನು ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಹೊಂದಿಸಿ ಸರಾಸರಿ ಮಾಡುವುದು ರೂಢಿ. ನೀಹಾರಿಕೆಯ ಬೆಳಕು ಪ್ರತಿಯೊಂದರಲ್ಲಿಯೂ ಒಂದೇ ಸ್ಥಾನದಲ್ಲಿರುತ್ತದೆ, ಗದ್ದಲದ, ಎಂದರೆ ಗೊತ್ತುಗುರಿಯಿಲ್ಲದೆ ಮೂಡುವ, ಚುಕ್ಕೆಗಳು ಒಂದೊಂದರಲ್ಲಿ ಒಂದೊಂದು ತೆರನಾಗಿರುತ್ತವೆ. ಹಾಗಾಗಿ ಕೂಡಿಸಿದಂತೆಲ್ಲ ಗದ್ದಲ ಅಡಗಿ ನೀಹಾರಿಕೆ ಉಳಿಯುವುದು. ಲಾಭ ಮಾತ್ರ ಚಿತ್ರಗಳ ಸಂಖ್ಯೆಯ ವರ್ಗಮೂಲದಂತೆ ಬೆಳೆಯುತ್ತದೆ: 16 ಚಿತ್ರಗಳಿಂದ ನಾಲ್ಮಡಿ, 100 ಚಿತ್ರಗಳಿಂದ ಹತ್ತುಮಡಿ. ಚಿತ್ರವನ್ನು ಇಮ್ಮಡಿ ಉತ್ತಮಗೊಳಿಸಲು ನಾಲ್ಮಡಿ ಕಾಲ ಬೇಕೆಂಬುದು ಇದರ ತಾತ್ಪರ್ಯ. ಆದುದರಿಂದಲೇ ಬಲ್ಲವರು ಒಂದು ರಾತ್ರಿಯಲ್ಲಿ ಐದು ನೀಹಾರಿಕೆಗಳ ಬೆನ್ನು ಹತ್ತದೆ, ಒಂದೇ ನೀಹಾರಿಕೆಗೆ ಐದು ರಾತ್ರಿಗಳನ್ನು ಮುಡಿಪಿಡುವರು.

ಕೂಡುವುದರಷ್ಟೇ ಮುಖ್ಯವಾದುದು ಕಳೆಯುವುದು. ಕ್ಯಾಮೆರಾದ ಸೆನ್ಸರು ತನ್ನ ಶಾಖದಿಂದಲೇ ಒಂದಿಷ್ಟು ಸುಳ್ಳುಬೆಳಕನ್ನು ಹುಟ್ಟಿಸುತ್ತದೆ. ದೂರದರ್ಶಕದ ಬಾಯಿ ಮುಚ್ಚಿ, ಅದೇ ಉಷ್ಣತೆಯಲ್ಲಿ ಅದೇ ಅವಧಿಯ ಕತ್ತಲ ಚಿತ್ರಗಳನ್ನು ತೆಗೆದಿಟ್ಟುಕೊಂಡು ಅದನ್ನು ಕಳೆಯಬೇಕು. ಸೆನ್ಸರಿನ ಮುಂದಿನ ಗಾಜಿನ ಮೇಲೆ ಕುಳಿತ ಧೂಳಿನ ಕಣವೊಂದು ಚಿತ್ರದಲ್ಲಿ ಬೂದುಬಣ್ಣದ ಬಳೆಯಾಗಿ ಮೂಡುತ್ತದೆ, ಮೂಲೆಗಳು ಮಸುಕಾಗುತ್ತವೆ. ಇದಕ್ಕೆ ಪರಿಹಾರವೆಂದರೆ, ಕ್ಯಾಮೆರಾವನ್ನು ಕಿಂಚಿತ್ತೂ ಅಲುಗಿಸದೆ, ದೂರದರ್ಶಕವನ್ನು ಬೆಳಗಿನ ಜಾವದ ಸಮಪ್ರಭೆಯ ಆಕಾಶದ ಕಡೆ ತಿರುಗಿಸಿ, ಅದರ ಬಾಯಿಗೆ ಸುಕ್ಕಿಲ್ಲದ ಬಿಳಿಯ ಬಟ್ಟೆ ಬಿಗಿದು ಕೆಲವು ಚಿತ್ರಗಳನ್ನು ತೆಗೆಯುವುದು. ಅವುಗಳಿಂದ ಭಾಗಿಸಿದೊಡನೆ ಬಳೆಗಳು ಮಾಯವಾಗುವುವು. ನಿದ್ದೆಗಣ್ಣಿನಲ್ಲಿ ಬಹುಮಂದಿ ಇದನ್ನು ಬಿಟ್ಟುಬಿಡುತ್ತಾರೆ, ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಪರಿತಪಿಸುತ್ತಾರೆ.

ನಗರದ ಬೆಳಕು ಈ ಕಲೆಯ ದೊಡ್ಡ ಶತ್ರು. ಜಲಜನಕದ ನೀಹಾರಿಕೆಗಳ ಕೆಂಪು ಬೆಳಕು 656 ನ್ಯಾನೋಮೀಟರ್ ತರಂಗದೂರದಲ್ಲಿ, ಆಮ್ಲಜನಕದ ಹಸಿರುನೀಲ 501ರ ಆಸುಪಾಸಿನಲ್ಲಿ ಹೊಮ್ಮುವುದರಿಂದ, ಅವೆರಡನ್ನೇ ಒಳಬಿಡುವ ಫಿಲ್ಟರಿನಿಂದ ನಗರದ ನಡುವೆಯೂ ಸೊಗಸಾದ ಚಿತ್ರ ಬರುವುದು. ಹಳೆಯ ಸೋಡಿಯಂ ದೀಪಗಳ ಹಳದಿಯನ್ನು ತಡೆಯುವುದು ಸುಲಭವಾಗಿತ್ತು. ಈಗಿನ ಬಿಳಿಯ ಎಲ್‌ಇಡಿ ದೀಪಗಳು ಎಲ್ಲ ಬಣ್ಣಗಳನ್ನೂ ಚೆಲ್ಲುತ್ತವೆ. ಕೃತ್ತಿಕೆಯ ಸುತ್ತಣ ನೀಲಿ ತೆರೆಯಂತೆ ನಕ್ಷತ್ರಗಳ ಬೆಳಕನ್ನು ಪ್ರತಿಫಲಿಸುವ ನೀಹಾರಿಕೆಗಳಿಗಂತೂ ಈ ಫಿಲ್ಟರುಗಳಿಂದ ಪ್ರಯೋಜನವಿಲ್ಲ. ಕತ್ತಲೆಯ ಹಳ್ಳಿಯನ್ನೇ ಅರಸಿಕೊಂಡು ಹೋಗಬೇಕು.

ಚಿತ್ರದ ಕೊನೆಯ ಸಂಸ್ಕರಣದಲ್ಲಿ ಸಂಯಮ ಬೇಕು. ಅಡಗಿರುವ ಮಂದಪ್ರಭೆಯನ್ನು ಮೇಲೆತ್ತುವ ಭರದಲ್ಲಿ ಒರಾಯನ್ ನೀಹಾರಿಕೆಯ ಹೃದಯದಲ್ಲಿರುವ ಟ್ರೆಪೀಜಿಯಮ್ ಎಂಬ ನಾಲ್ಕು ನಕ್ಷತ್ರಗಳು ಬಿಳಿಯ ಕಲೆಯೊಂದರಲ್ಲಿ ಮುಳುಗಿಹೋಗುವುವು. ಕೆಲವೇ ಸೆಕೆಂಡುಗಳ ಎಕ್ಸ್‌ಪೋಷರುಗಳನ್ನು ಬೇರೆಯಾಗಿ ತೆಗೆದು ಆ ಭಾಗಕ್ಕೆ ಬೆಸೆಯಬೇಕಾಗುತ್ತದೆ. ಸಂಗ್ರಹಿಸಿದ ಬೆಳಕಿನಲ್ಲಿ ಇಲ್ಲದ ಎಳೆಯನ್ನು ತಂತ್ರಾಂಶದಿಂದ ಹುಟ್ಟಿಸುವುದನ್ನು ನಾನು ಒಪ್ಪಲಾರೆ. ಹಾಗೆ ಮಾಡಿದಲ್ಲಿ ಹವ್ಯಾಸಿಯ ಚಿತ್ರಕ್ಕೆ ಸಾಕ್ಷ್ಯದ ಬೆಲೆ ಇಲ್ಲವಾಗುವುದು. ಆ ಬೆಲೆ ಸಣ್ಣದಲ್ಲ. ಡ್ರೆಕ್ಸ್ಲರ್, ಸ್ಟ್ರಾಟ್ನರ್, ಸ್ಯಾಂಟಿ ಎಂಬ ಮೂವರು ಹವ್ಯಾಸಿಗಳು, ಅಸಂಖ್ಯ ಸಲ ಚಿತ್ರಿತವಾದ ಆಂಡ್ರೊಮಿಡಾ ಗ್ಯಾಲಕ್ಸಿಯ ಪಕ್ಕದಲ್ಲಿ ಆಮ್ಲಜನಕದ ಬೆಳಕಿನ ಬೃಹತ್ ಕಮಾನೊಂದನ್ನು ಕಂಡುಹಿಡಿದುದು ನೂರು ಗಂಟೆಗಳನ್ನೂ ಮೀರಿದ ಎಕ್ಸ್‌ಪೋಷರಿನಿಂದ; ವೃತ್ತಿನಿರತ ವಿಜ್ಞಾನಿಗಳೊಡನೆ ಸೇರಿ ಅವರು ಅದನ್ನು 2023ರಲ್ಲಿ ಪ್ರಕಟಿಸಿದರು.

ನಮ್ಮ ನಾಡಿನಲ್ಲಿ ಮುಂಗಾರು ನಾಲ್ಕು ತಿಂಗಳನ್ನು ನುಂಗುತ್ತದೆ. ಧನುರಾಶಿಯ ಲಗೂನ್ ನೀಹಾರಿಕೆಯನ್ನು ಬಯಸುವವರು ಏಪ್ರಿಲ್, ಮೇ ತಿಂಗಳುಗಳ ನಡುರಾತ್ರಿಯ ಅನಂತರ ಎದ್ದಿರಬೇಕು. ಅದರ ಬದಲಿಗೆ ನಮಗೊಂದು ಭಾಗ್ಯವುಂಟು. ಒರಾಯನ್‌ಗಿಂತ ವಿಶಾಲವಾದ ಕ್ಯಾರಿನಾ ನೀಹಾರಿಕೆ ಯೂರೋಪಿನ ಆಕಾಶದಲ್ಲಿ ಉದಯಿಸುವುದೇ ಇಲ್ಲ. ಬೆಂಗಳೂರಿನ ಅಕ್ಷಾಂಶದಲ್ಲಿ ಅದು ಮಾರ್ಚ್ ತಿಂಗಳ ನಡುರಾತ್ರಿಗಳಲ್ಲಿ ನೇರ ದಕ್ಷಿಣಕ್ಕೆ ಸುಮಾರು 17 ಡಿಗ್ರಿಯಷ್ಟು ಏರುತ್ತದೆ. ಅಷ್ಟು ತಗ್ಗಿನಲ್ಲಿ ವಾತಾವರಣದ ಪದರ ದಪ್ಪವಾಗಿರುವುದರಿಂದ, ಅದು ದಕ್ಷಿಣೋತ್ತರ ರೇಖೆಯನ್ನು ದಾಟುವ ಹೊತ್ತಿನ ಹಿಂದುಮುಂದಿನ ಒಂದೊಂದು ಗಂಟೆಯನ್ನಷ್ಟೇ ಬಳಸಿಕೊಳ್ಳಬೇಕು; ದಕ್ಷಿಣಕ್ಕೆ ಊರದೀಪಗಳೂ ಗುಡ್ಡಗಳೂ ಇಲ್ಲದ ಜಾಗವನ್ನು ಹಗಲಿನಲ್ಲಿಯೇ ನೋಡಿಟ್ಟುಕೊಳ್ಳತಕ್ಕುದು.